ದಾಸವಾಳ ಮತ್ತು ಗಿಳಿ

ಮೊನ್ನೆ ಮೊಮ್ಮಗಳಿಗೆಂದು ಕಲಘಟಗಿಯಿಂದ ತೊಟ್ಟಿಲು ಬಂತು. ಸುತ್ತಿದ್ದ ಗೋಣಿತಟ್ಟು ಬಿಚ್ಚಿದ ಕೂಡಲೇ ಅರಗಿನ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ಜೈಲು! ಮಗಳ ಮುಂದೆ ಅಂದಿದ್ದರೆ ಬೈಸಿಕೊಳ್ಳುತ್ತಿದ್ದೆ...

ಶಾಲೆಯಿಂದ ನಿವೃತ್ತಿಯಾದ ಮೇಲೆ ನಾನು ವಾರಕ್ಕೆರಡು ದಿನ ಜೈಲಿಗೆ ಹೋಗಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದ ಕೈದಿಗಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲಿದ್ದರು ತೊಟ್ಟಿಲು ಕಾಕಾ, ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಮನೆತನದವರು. ಹೊಲದ ಬದುವಿನ ಜಗಳದಲ್ಲಿ ಸಿಟ್ಟು ಕೈಮೀರಿ ಒಬ್ಬನನ್ನು ಹೊಡೆದು ಒಳಗೆ ಬಂದವರು. ಜೈಲಿನ ಬಡಗಿ ಕೋಣೆಯಲ್ಲಿ ಬಣ್ಣ ಹಚ್ಚಿ, ಅದೇ ಕೈಯಲ್ಲಿ ಪುಸ್ತಕ ಹಿಡಿದು ಪಾಠಕ್ಕೆ ಬರುತ್ತಿದ್ದರು. ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದ ಮಗಳು ಭೇಟಿಗೆ ಬಂದಾಗ ಷರತ್ತು ಹಾಕಿದ್ದಳಂತೆ: "ನೀ ಪಾಸಾದ್ರ ನಾನೂ ಸಾಲಿಗೆ ಹೋಗ್ತೀನಪಾ." ಅಷ್ಟು ಸಾಕಾಯಿತು, ಕಾಕಾ ಹಟಕ್ಕೆ ಬಿದ್ದರು.

ಓದಿದ್ದು ತಲೆಗೆ ಹತ್ತುತ್ತಿತ್ತು. ಫಜೀತಿಯೆಲ್ಲ ಚಿತ್ರದ್ದು. ನಾನಿಟ್ಟ ಪರೀಕ್ಷೆಯಲ್ಲಿ ದಾಸವಾಳವನ್ನು ಉದ್ದಕ್ಕೆ ಸೀಳಿದರೆ ಕಾಣುವ ಚಿತ್ರ ಬರೆದು ಭಾಗಗಳನ್ನು ಹೆಸರಿಸಲು ಕೇಳಿದ್ದೆ. ಕಾಕಾ ಹೂ ಬರೆದರು. ಸುತ್ತ ಬಳ್ಳಿ, ಬಳ್ಳಿಯ ಮೇಲೆ ಗಿಳಿ, ಅಂಚಿಗೆಲ್ಲ ಚುಕ್ಕಿ... ಅಷ್ಟರಲ್ಲಿ ಗಂಟೆ ಹೊಡೆಯಿತು. ಒಂದು ಭಾಗದ ಹೆಸರೂ ಇಲ್ಲ, ಉಳಿದ ಪ್ರಶ್ನೆಗಳಿಗೆ ಉತ್ತರವೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಕಾಕಾ, ಗಿಳಿಗೆ ಯಾರ್ರಿ ಮಾರ್ಕ್ಸ್ ಕೊಡ್ತಾರ?"

"ಅಕ್ಕಾರ, ಕೂಸಿನ ಕಣ್ಣಿಗೆ ಬರೇ ಹಲಗಿ ಕಾಣಬಾರದ್ರಿ. ನಮ್ಮ ಮನಿತನದಾಗ ಒಂದ್ ಬಟ್ಟಿನಷ್ಟೂ ಖಾಲಿ ಬಿಡಂಗಿಲ್ಲ."

"ಇಲ್ಲಿ ಕೂಸಿಲ್ರಿ, ಪೇಪರ್ ತಿದ್ದೋ ಮಾಸ್ತರ ಅದಾನ!"

ಕೋಣೆಗೆ ಕೋಣೆಯೇ ನಕ್ಕಿತು. ಬಾಗಿಲಲ್ಲಿದ್ದ ಕಾವಲಿನವನೂ ಮುಖ ತಿರುಗಿಸಿಕೊಂಡು ನಕ್ಕ.

ಆಮೇಲೆ ಎದುರಿಗೆ ಗಡಿಯಾರ ಇಟ್ಟು ಬರೆಸಿದೆ. ಗಿಳಿ ಕಂಡರೆ ಹಾಳೆ ಹರಿದೆ. ಕಾಕಾ ಹಲ್ಲು ಕಚ್ಚಿ ಕೈ ತಡೆದುಕೊಳ್ಳುತ್ತಿದ್ದರು, ಪಾಪ. ಫಲಿತಾಂಶ ಬಂದಾಗ ವಿಜ್ಞಾನದಲ್ಲಿ ಪಾಸಿಗೆ ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ಅಂಗಳದಲ್ಲಿ ಕುಣಿದೇಬಿಟ್ಟರು. ನನಗೂ ಕುಣಿಯುವಷ್ಟು ಖುಷಿಯಾಗಿತ್ತು.

"ಅಕ್ಕಾರ, ಈಗರೆ ಗಿಳಿ ಬರೀಲೇನ್ರಿ?"

ಬಿಡುಗಡೆಯಾದ ಮೇಲೆ ಊರಲ್ಲಿ ಮತ್ತೆ ತೊಟ್ಟಿಲಿಗೆ ಕುಳಿತರೆಂದು ಕೇಳಿದ್ದೆ. ಮೊಮ್ಮಗಳು ಹುಟ್ಟಿದಾಗ ತೊಟ್ಟಿಲು ಬೇಕೆಂದು ಫೋನ್ ಮಾಡಿದರೆ ಎತ್ತಿದವಳು ಅವರ ಮಗಳು. ಅಪ್ಪ ಹೋಗಿ ಮೂರು ತಿಂಗಳಾಯಿತು ಎಂದಳು. ಈಗ ಡಿಗ್ರಿ ಓದುತ್ತಿದ್ದಾಳೆ. ತೊಟ್ಟಿಲು ತಂದವಳೂ ಅವಳೇ.

"ಇದು ಅಪ್ಪನ ಕಡೀ ತೊಟ್ಟಿಲ್ರಿ ಅಕ್ಕಾರ. ಮುಂದ ನಿಮ್ಮನ್ಯಾಗ ಹುಟ್ಟೋ ಕೂಸಿಗೇ ಅಂತ ತಗದಿಟ್ಟಿದ್ರು."

ಬಗ್ಗಿ ಒಳಗೆ ನೋಡಿದೆ. ಬಟ್ಟಿನಷ್ಟೂ ಖಾಲಿಯಿಲ್ಲ, ಎಲ್ಲೆಲ್ಲೂ ಬಳ್ಳಿ, ಗಿಳಿ. ನಡುವೆ ಸೀಳಿದ ದಾಸವಾಳ. ಕೇಸರ, ಶಲಾಕೆ, ಅಂಡಾಶಯ... ಒಂದೊಂದಕ್ಕೂ ಗೆರೆ ಎಳೆದು, ಗುಂಡನೆಯ ಅಕ್ಷರದಲ್ಲಿ ಹೆಸರು ಬರೆದಿದ್ದಾರೆ. ಒಂದನ್ನೂ ಬಿಟ್ಟಿಲ್ಲ.

ಈ ಸಲ ಗಿಳಿಗೂ ಮಾರ್ಕ್ಸ್ ಕೊಡುತ್ತಿದ್ದೆ. ತೆಗೆದುಕೊಳ್ಳಲು ಕಾಕಾ ಇಲ್ಲ...