ಕಮಲತ್ತೆಯ ಅಳತೆ

ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಕಮಲತ್ತೆ ಬಾಯಲ್ಲಿ ಹೇಳುತ್ತಿರಲಿಲ್ಲ, ಮೈಮೇಲೆ ತೋರಿಸುತ್ತಿದ್ದರು. ಬಗ್ಗಿ ಪಾದದ ಗಂಟು ಮುಟ್ಟಿದರೆ ಯಜಮಾನರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ವರ್ಷ. ಮೊಣಕಾಲು ತಟ್ಟಿದರೆ ಅವರು ತೀರಿಕೊಂಡ ವರ್ಷ. ಅಂಗೈಯನ್ನು ಎದೆಗೆ ಅಡ್ಡ ಹಿಡಿದರೆ ಮಗಳು ಹುಟ್ಟಿದ ವರ್ಷ. ಆಗ ಹಸುಗೂಸನ್ನು ತಲೆಯ ಮೇಲೆ ಹೊತ್ತು ಇದೇ ಮನೆಯೊಳಗೆ ಒಂದು ಹಗಲೆಲ್ಲ ನಿಂತಿದ್ದರಂತೆ.

ಚೆನ್ನೈಯ ಪೆರಂಬೂರಿನ ಆ ಮನೆ ಅವರದೇ. ನೀರಿಗೆ ಹೆದರಿ ಮೇಲೊಂದು ಮಹಡಿ ಕಟ್ಟಿಸಿ ಅಲ್ಲಿಗೆ ಹತ್ತಿದ್ದರು. ಕೆಳಗಿನ ಮನೆಯನ್ನು ಬಾಡಿಗೆಗೆ ಕೇಳಿ ಬಂದವರಿಗೆಲ್ಲ ಈ ಮೂರು ಅಳತೆ ತೋರಿಸದೆ ಬೀಗ ತೆಗೆಯುತ್ತಿರಲಿಲ್ಲ. ಕರೆತಂದ ಬ್ರೋಕರ್ ತಲೆ ಚಚ್ಚಿಕೊಳ್ಳುತ್ತಿದ್ದ. ನನಗೂ ತೋರಿಸಿದರು. “ಮೊದ್ಲೇ ಹೇಳ್ತಿದೀನಿ ಕಣಮ್ಮ. ಆಮೇಲೆ ಕಮಲತ್ತೆ ಹೇಳ್ಲಿಲ್ಲ ಅನ್ಬೇಡ.” ನಾನು ಕೆಲಸ ಮಾಡುವ ಬ್ಯಾಂಕಿಗೆ ಹತ್ತಿರ, ಮೇಲಾಗಿ ಕನ್ನಡದವರು ಎಂದು ನಾನು ಒಪ್ಪಿಕೊಂಡೆ. ಅವರ ಕನ್ನಡ ತುಮಕೂರಿನದು, ದಾರಿಯಲ್ಲಿ ಒಂದಿಷ್ಟು ತಮಿಳು ಹತ್ತಿಸಿಕೊಂಡು ಬಂದಿತ್ತು.

ಆ ವರ್ಷ ದೀಪಾವಳಿಗೆ ಮುಂಚೆ ನನ್ನ ಜೊತೆಗಿದ್ದ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಯಿತು. ಆರು ವಾರ ಕಾಲು ಊರಬಾರದು, ಮೆಟ್ಟಿಲಂತೂ ಕೂಡದು ಎಂದರು ಡಾಕ್ಟರು. ಮಳೆಗಾಲ ಬಾಗಿಲಿಗೆ ಬಂದಿತ್ತು. ನಾನು ಎಲ್ಲವನ್ನೂ ಅಳೆದು ತೂಗಿ ಮಾಡುವವಳು. ಕಮಲತ್ತೆಯನ್ನು ಕೆಳಗೆ ಕರೆದು, ಎದೆಗೆ ಕೈ ಅಡ್ಡ ಹಿಡಿಸಿ, ನೆಲದಿಂದ ಅಲ್ಲಿಗೆ ಟೇಪು ಹಿಡಿದೆ. ಅದಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ಅಮ್ಮನ ಹಾಸಿಗೆ ಬರುವಂತೆ ಮಂಚದ ಕಾಲುಗಳ ಕೆಳಗೆ ಸಿಮೆಂಟ್ ಬ್ಲಾಕುಗಳನ್ನು ಇಡಿಸಿದೆ. “ಬ್ಯಾಂಕಿನೋಳು ಅಂದ್ರೆ ಬ್ಯಾಂಕಿನೋಳೇ” ಎಂದು ಅವರು ನಕ್ಕರು. ನಾನೂ ಬೀಗಿದೆ.

ಆಮೇಲೆ ಮೂರು ದಿನ ಬಿಡದ ಮಳೆ. ಮೂರನೆಯ ಬೆಳಿಗ್ಗೆ ಹಿಂದಿನ ಕಾಲುವೆ ಉಕ್ಕಿ, ಬಚ್ಚಲಿನ ತೂತಿನಿಂದ ಕಪ್ಪು ನೀರು ಒಳಗೆ ಬಂತು. ಹನ್ನೊಂದು ಗಂಟೆಗೆ ಮೊಣಕಾಲು ಮುಟ್ಟಿತು. ಕರೆಂಟು ಹೋಗಿ ಮನೆಯೊಳಗೆ ಮಬ್ಬುಗತ್ತಲೆ. ಅಮ್ಮನನ್ನು ಮೇಲಕ್ಕೆ ಒಯ್ಯೋಣವೆಂದು ಪಕ್ಕದ ಮನೆಯ ಆಟೋ ಓಡಿಸುವ ಸೆಲ್ವಂ ಎರಡು ಸಲ ಬಂದು ಕೇಳಿದ. ಕಡಿದಾದ ಮೆಟ್ಟಿಲು, ಇನ್ನೂ ಕೂಡದ ಮೂಳೆ. ನಾನು ಬೇಡವೆಂದೆ. ಎದೆಯ ತನಕ ನೀರು ಬಂದರೂ ಅಮ್ಮನಿಗೆ ಮುಟ್ಟುವುದಿಲ್ಲ ಎಂಬ ಧೈರ್ಯ ನನಗೆ.

ಆಗ ಕಮಲತ್ತೆ ಅಮ್ಮನಿಗೆಂದು ಗಂಜಿ ಹಿಡಿದು ನೀರಿಗಿಳಿದು ಬಂದರು. ಮೇಣದಬತ್ತಿ ಹಚ್ಚಲು ಗೋಡೆಯ ದೀಪದ ಗೂಡಿನಲ್ಲಿ ಬೆಂಕಿಪೊಟ್ಟಣಕ್ಕಾಗಿ ತಡಕಾಡಿದವರು ಕೈ ಅಲ್ಲೇ ಇಟ್ಟು ನಿಂತುಬಿಟ್ಟರು. ಗೂಡು ಅವರ ಮೂಗಿನ ನೇರಕ್ಕಿತ್ತು.

“ಸುಮಾ, ಈ ಗೂಡು ಆಗ ನನ್ನ ಹೆಗಲಿಗೆ ಬರ್ತಿತ್ತು.”

ನನಗೆ ಅರ್ಥವಾಗಲಿಲ್ಲ.

“ಬೆನ್ನು ಬಾಗಿದೆ, ಕಾಲು ಸೊಟ್ಟಗಾಗಿದೆ. ನಾನು ಕುಗ್ಗಿದೀನಿ ಕಣೇ. ನೀನು ಅಳೆದಿದ್ದು ಮುದುಕಿ ಎದೆ. ನೀರು ಬಂದಿದ್ದು ಇಪ್ಪತ್ತೆರಡು ವರ್ಷದೋಳ ಎದೆಗೆ.”

ನೀರು ಆಗಲೇ ತೊಡೆಗೆ ಏರಿತ್ತು. ಮಂಚದ ಮೇಲಿನಿಂದ ಅಮ್ಮ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

ಕಮಲತ್ತೆ ಬಾಗಿಲಿಗೆ ಹೋಗಿ ಬೇಗ ಬರುವಂತೆ ತಮಿಳಿನಲ್ಲಿ ಕೂಗಿದರು. “ಸೆಲ್ವಂ ತಂಬಿ, ಸೀಕ್ರಂ ವಾ.” ಬಂದವನ ಕೈಯಲ್ಲಿ ಬಚ್ಚಲಿನ ಪ್ಲಾಸ್ಟಿಕ್ ಬಾಗಿಲನ್ನು ಕೀಳಿಸಿದರು. ಅಮ್ಮನನ್ನು ಅದರ ಮೇಲೆ ಮಲಗಿಸಿ ತಮ್ಮ ಎರಡು ಸೀರೆಗಳಿಂದ ಬಿಗಿದರು. ತಲೆಯ ಕಡೆ ಸೆಲ್ವಂ ಮತ್ತು ಅವನ ಜೊತೆ ಬಂದ ಭಾವಮೈದುನ, ಕಾಲಿನ ಕಡೆ ನಾನು. ಒಂದೊಂದು ಮೆಟ್ಟಿಲಿಗೂ ಅಮ್ಮ ನರಳುತ್ತಿದ್ದಳು. ಏಳನೆಯದರಲ್ಲಿ ನನ್ನ ಕಾಲು ಜಾರಿತು. ಹಿಂದೆಯೇ ಬರುತ್ತಿದ್ದ ಕಮಲತ್ತೆ ಹೆಗಲು ಕೊಟ್ಟು ನನ್ನನ್ನು ತಡೆದು ನಿಲ್ಲಿಸಿದರು. ಅಷ್ಟು ಬಲ ಆ ಮೈಯಲ್ಲಿ ಎಲ್ಲಿತ್ತೋ ನಾನರಿಯೆ. “ಕೆಳಗೆ ನೋಡ್ಬೇಡ. ಮುಂದಿನ್ ಮೆಟ್ಲು ನೋಡು” ಎಂದರು.

ಮಧ್ಯಾಹ್ನ ಮೂರಕ್ಕೆ ಮೆಟ್ಟಿಲಿನಿಂದ ಬಗ್ಗಿ ನೋಡಿದೆ. ಮಂಚ ಕಾಣುತ್ತಿರಲಿಲ್ಲ. ಅಮ್ಮನ ದಿಂಬು ತೇಲುತ್ತಿತ್ತು.

ನೀರಿಳಿದ ಮೇಲೆ ಗೋಡೆಯಲ್ಲಿ ಉಳಿದ ಕೊಳೆಗೆರೆಯ ಮೇಲೆ ಕಮಲತ್ತೆ ಒಂದು ದಪ್ಪ ಮೊಳೆ ಹೊಡೆಸಿದರು. ಆಮೇಲೆ ಎಂದೂ ಮೈಮೇಲೆ ಅಳತೆ ತೋರಿಸಲಿಲ್ಲ. ಅಮ್ಮ ನಿಧಾನವಾಗಿ ನಡೆದಾಡುವಂತಾದಳು. ಸಂಜೆ ಮೇಲೆ ಹತ್ತಿ ಅವರೊಡನೆ ಕಾಫಿ ಕುಡಿದು, ನನ್ನ ಟೇಪಿನ ಕತೆ ಹೇಳಿಕೊಂಡು ನಗುವುದು ಇಬ್ಬರಿಗೂ ರೂಢಿಯಾಯಿತು.

ಹೋದ ವರ್ಷ ಕಮಲತ್ತೆ ಹಾಸಿಗೆ ಹಿಡಿದರು. ತೀರಿಕೊಳ್ಳುವುದಕ್ಕೆ ಎರಡು ದಿನ ಮುಂಚೆ ನನ್ನನ್ನು ಹತ್ತಿರ ಕರೆದು ಕೇಳಿದರು. “ಆ ಮೊಳೆ ನಿಂಗೆ ಎಲ್ಲಿಗ್ ಬರುತ್ತೆ?”

ನಾನು ಎದೆಗೆ ಕೈ ಅಡ್ಡ ಹಿಡಿದು ತೋರಿಸಿದೆ. ಅವರು ನನ್ನ ಕೈ ಹಿಡಿದು ಕೆಳಗಿಳಿಸಿದರು.

“ಮೊಳೆ ತೋರ್ಸು. ನೀನೂ ಕುಗ್ತೀಯ.”

ಈಗ ಮಹಡಿಯ ಮೇಲೆ ನಾವಿದ್ದೇವೆ. ಕೆಳಗಿನ ಮನೆಯ ಬೀಗದ ಕೈಯನ್ನೂ ಅವರ ಮಗಳು ನನಗೇ ಒಪ್ಪಿಸಿದ್ದಾಳೆ. ಮೊನ್ನೆ ಕೆಳಗಿನ ಮನೆ ನೋಡಲು ಬಂದ ಹೆಂಗಸೊಬ್ಬಳು, ಇಲ್ಲಿ ನೀರು ಬರುತ್ತದೆಯೇ ಎಂದು ಕೇಳಿದಳು. ನನ್ನ ಕೈ ತಾನಾಗಿಯೇ ಎದೆಯತ್ತ ಏರಿತು. ಅದನ್ನು ಇಳಿಸಿ, ಬೀಗ ತೆಗೆದು, ಅವಳನ್ನು ಮೊಳೆಯ ಮುಂದೆ ನಿಲ್ಲಿಸಿದೆ.