ಶುಕ್ರವಾರ ಸಂಜೆ ಕೀಲಿ ಹಾಕಿದ ಓಣಿ

ಈ ಬರಹದಲ್ಲಿ ಓಣಿಯ ಹೆಸರಿಲ್ಲ. ಅದು ಹುಬ್ಬಳ್ಳಿಯಲ್ಲಿದೆ ಎಂಬುದಷ್ಟೇ ಸಾಕು. ಗಬ್ಬೂರಿನ ಕಡೆಯೋ, ಉಣಕಲ್ಲಿನ ಕಡೆಯೋ, ನಡುವೆ ಎಲ್ಲೋ ಎಂಬುದನ್ನು ಬರೆಯುವುದಿಲ್ಲ. ಆ ಹುಡುಗಿಯ ಹೆಸರು ಬರೆಯುವ ಪ್ರಶ್ನೆಯೇ ಬರುವುದಿಲ್ಲ, ನನಗದು ಗೊತ್ತಿಲ್ಲ. ಗೊತ್ತಾಗದೆ ಉಳಿದದ್ದು ಹೇಗೆ ಎಂಬುದಷ್ಟನ್ನೇ, ಕಂಡದ್ದನ್ನು ಕಂಡ ಹಾಗೆ, ಬರೆದಿಡುತ್ತಿದ್ದೇನೆ.

ಧಾರವಾಡದ ಒಂದು ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ಸಂವಹನ ಸಿದ್ಧಾಂತ, ಮಾಧ್ಯಮ ಕಾನೂನು, ಮಾಧ್ಯಮ ನೀತಿ ನನ್ನ ಪಾಠಗಳು. ಮಗುವಿನ ಮೇಲೆ ದೌರ್ಜನ್ಯ ನಡೆದ ಸುದ್ದಿಯಲ್ಲಿ ಆ ಮಗುವಿನ ಹೆಸರು, ಚಿತ್ರ, ವಿಳಾಸ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಹತ್ತುವಂಥ ಯಾವುದೂ ಹೊರಗೆ ಬರಬಾರದು ಎಂದು ಕಾನೂನು ಹೇಳುತ್ತದೆ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. 'ನೆರೆಹೊರೆ' ಎಂಬಲ್ಲಿಗೆ ಬಂದಾಗ ಯಾರಾದರೊಬ್ಬರು ಕೇಳುತ್ತಾರೆ: ಬರೀ ಓಣಿ ತೋರಿಸಿದರೆ ಏನಾಗುತ್ತದೆ? ಆಗ ಪುಸ್ತಕದ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತಿದ್ದೆ.

ನನ್ನ ಅಕ್ಕ ಇರುವುದು ಆ ಓಣಿಯಲ್ಲಿ. ನಾನು ಹಬ್ಬಕ್ಕೊಮ್ಮೆ ಹೋಗುವವಳು. ಅಲ್ಲಿಯ ಹಿರಿಯರ ಮುಖ ಬಲ್ಲೆ, ಮಕ್ಕಳು ಬೆಳೆದುಬಿಟ್ಟಿದ್ದಾರೆ, ಗುರುತು ಸಿಗುವುದಿಲ್ಲ. ಎರಡೂ ಕಡೆ ಒಂದಕ್ಕೊಂದು ಅಂಟಿದ ಮನೆಗಳು, ಮುಂದೆ ಕಟ್ಟೆ. ಹಗಲೆಲ್ಲ ಬಾಗಿಲು ತೆರೆದೇ ಇರುತ್ತವೆ. ಪರ ಊರಿಗೆ ಹೋಗುವವರು ಮಾತ್ರ ಕೀಲಿ ಹಾಕುತ್ತಾರೆ, ಅದೂ ಕೀಲಿಕೈಯನ್ನು ಎದುರು ಮನೆಗೆ ಕೊಟ್ಟು.

ಅಲ್ಲಿಯ ಒಂದು ಮನೆಯ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ಅವಳಿಗೆ ಏನಾಯಿತೆಂದು ಬರೆಯುವುದಿಲ್ಲ. ಮನೆಯವರು ದೂರು ಕೊಟ್ಟರು, ಆರೋಪಿಯ ಬಂಧನವಾಯಿತು. ಅವನು ಊರಲ್ಲಿ ಹೆಸರಿದ್ದವನು, ಹಾಗಾಗಿ ಸುದ್ದಿ ಹುಬ್ಬಳ್ಳಿಯಲ್ಲಿ ನಿಲ್ಲಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಮನೆಯವರು ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಹಿತ್ತಲಿನಿಂದ ಓಡಾಡತೊಡಗಿದರು.

ತಪ್ಪಾದದ್ದು ಅಲ್ಲಿ. ಬೇರೆ ಊರಲ್ಲಾದರೆ ಕೀಲಿ ಹಾಕಿದ ಬಾಗಿಲನ್ನು ಯಾರೂ ತಿರುಗಿ ನೋಡುವುದಿಲ್ಲ. ಎಲ್ಲ ಬಾಗಿಲು ತೆರೆದಿರುವ ಓಣಿಯಲ್ಲಿ ಅದೊಂದೇ ಕೂಗಿ ಕರೆಯುತ್ತಿತ್ತು. ಒಬ್ಬ ಯೂಟ್ಯೂಬ್ ಚಾನೆಲಿನವನು ಬಂದ, ಆ ಬಾಗಿಲಿನ ಮುಂದೆ ನಿಂತು ಮಾತಾಡಿ ಹೋದ. ಹೆಸರು ಹೇಳಿರಲಿಲ್ಲ, ಮುಖ ತೋರಿಸಿರಲಿಲ್ಲ. ಅದೇ ದಿನ ಭಾವನ ತಮ್ಮ ಮಸ್ಕತ್ತಿನಿಂದ ಅಕ್ಕನಿಗೆ ಫೋನ್ ಮಾಡಿದ.

"ವೈನಿ, ವಿಡಿಯೋದಾಗ ಕೀಲಿ ಹಾಕಿದ್ದ ಮನಿ ನಿಮ್ಮ ಎದುರಿಂದ ಅಲ್ಲೇನ್ರಿ?"

ನಾನು ಚಾನೆಲಿನವನಿಗೆ ಕಾನೂನಿನ ಮಾತು ಬರೆದು ಕಳಿಸಿದೆ. ಅವನು ಹೆದರಿ ವಿಡಿಯೋ ತೆಗೆದ. ಅಷ್ಟರಲ್ಲಿ ದಿಲ್ಲಿಯ ಒಂದು ದೊಡ್ಡ ಚಾನೆಲಿಗೆ ಕೀಲಿ ಹಾಕಿದ ಮನೆಯ ಸುದ್ದಿ ಮುಟ್ಟಿತ್ತು. ಅವರ ತಂಡ ಶುಕ್ರವಾರ ಸಂಜೆ ಬರುತ್ತದೆಂದು ಗೊತ್ತಾಯಿತು.

ಅಕ್ಕ ಫೋನಿನಲ್ಲಿ ಪೀಠಿಕೆ ಹಾಕಲಿಲ್ಲ. "ಟೀವಿಯವರು ಏನ್ ತೋರಸಬೇಕು, ಏನ್ ತೋರಸಬಾರ್ದು ಅಂತ ನೀ ಕಲಸ್ತಿ ಅಲ್ಲಾ? ಹಂಗಾರ ಬಂದು ನಿಲ್ಸು. ಸೋಮವಾರ ಪರೀಕ್ಷಾ ಐತಿ. ಮನಿ ಟೀವ್ಯಾಗ ಬಂದ್ರ ನಾ ಪರೀಕ್ಷಾಕ್ಕ ಹೋಗೂದಿಲ್ಲ ಅಂದಾಳ ಆ ಹುಡುಗಿ."

"ಆಕಿ ಹೆಸರೇನಕ್ಕಾ?"

"ಅದನ್ನ ತಗೊಂಡು ನೀ ಏನ್ ಮಾಡ್ತಿ?"

ಬರುವ ವರದಿಗಾರ್ತಿ ನನ್ನ ಹಳೆಯ ವಿದ್ಯಾರ್ಥಿನಿ. ಧಾರವಾಡದ ಹತ್ತಿರದ ಮುಗದದ ಹುಡುಗಿ, ಜಾಣೆ, ಬೋರ್ಡಿನ ಮೇಲೆ ನಾನು ಬರೆದದ್ದನ್ನು ತಪ್ಪಿಲ್ಲದೆ ಇಳಿಸಿಕೊಂಡವಳು. ಅವಳಿಗೆ ಫೋನ್ ಮಾಡಿದೆ.

"ಮೇಡಂ, ಹೆಸರು ಹೇಳೂದಿಲ್ರಿ. ಓಣಿ ಹೆಸರೂ ಹೇಳೂದಿಲ್ಲ. ಕೀಲಿ ಹಾಕಿದ್ದ ಒಂದು ಬಾಗಿಲಾ, ಅಷ್ಟ. ಉಳಿದದ್ದೆಲ್ಲಾ ಬ್ಲರ್ ಮಾಡ್ತೀವ್ರಿ."

"ಆ ಬಾಗಿಲಾನ ಆಕಿ ಹೆಸರಾಗೇತಿ," ಎಂದೆ.

"ದಿಲ್ಲ್ಯಾಗ ಕುಂತವ್ರಿಗೆ ಅದು ಬರೇ ಬಾಗಿಲಾರಿ."

"ಮಸ್ಕತ್ತಿನ್ಯಾಗ ಕುಂತವಗ ಗುರ್ತು ಹತ್ತೇತಿ."

ಅವಳು ನಿಧಾನವಾಗಿ ಹೇಳಿದಳು: "ನಾ ಹೋಗಲಿಲ್ಲಂದ್ರ ಬ್ಯಾರೇದವ್ರನ್ನ ಕಳಸ್ತಾರ್ರಿ ಮೇಡಂ. ಅವ್ರು ಬ್ಲರ್ರೂ ಮಾಡೂದಿಲ್ಲ."

ಅದು ಸುಳ್ಳಾಗಿರಲಿಲ್ಲ. ಫೋನ್ ಇಟ್ಟೆ. ಶುಕ್ರವಾರ ತರಗತಿ ಮುಗಿಸಿ, ಕಾನೂನಿನ ಆ ಭಾಗವನ್ನು ಪ್ರಿಂಟ್ ತೆಗೆದು, ಧಾರವಾಡದಿಂದ ಬಸ್ ಹಿಡಿದೆ. ಓಣಿಯ ಬಾಯಲ್ಲಿ ನಿಂತು ತಂಡವನ್ನು ತಡೆಯುವುದು, ತಡೆಯಲಾಗದಿದ್ದರೆ ಕ್ಯಾಮೆರಾದ ಮುಂದೆಯೇ ಓದಿ ಹೇಳುವುದು ನನ್ನ ಲೆಕ್ಕವಾಗಿತ್ತು.

ಓಣಿಗೆ ತಿರುಗಿದಾಗ ಬಿಸಿಲು ಮಾಳಿಗೆಯ ಮೇಲೆ ಮಾತ್ರ ಉಳಿದಿತ್ತು. ಮೊದಲು ಕಂಡದ್ದು ಮೂಲೆಯ ಮನೆಯ ಅಜ್ಜಿ. ಅವರ ಮನೆಯ ಶುಕ್ರವಾರದ ಲಕ್ಷ್ಮೀಪೂಜೆ ನಾನು ಬಲ್ಲ ಕಾಲದಿಂದ ತಪ್ಪಿದ್ದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ಮುಚ್ಚಬೇಕು, ಮುಂದಿನ ಬಾಗಿಲು ಪೂರಾ ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು ಅದು. ಯಾರಾದರೂ ಅರ್ಧ ಮುಚ್ಚಿದರೂ ಬೈಯುವವರು ಅವರು. ಆ ಅಜ್ಜಿ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದರು. ಬೆನ್ನ ಹಿಂದೆ ಬಾಗಿಲಿಗೆ ಹಿತ್ತಾಳೆಯ ದೊಡ್ಡ ಕೀಲಿ ಬಿದ್ದಿತ್ತು.

ಏನೋ ಅಶುಭ ನಡೆದಿದೆ ಎಂದುಕೊಂಡೆ. ಆಮೇಲೆ ಪಕ್ಕದ ಬಾಗಿಲು ನೋಡಿದೆ. ಅದಕ್ಕೂ ಕೀಲಿ. ಅದರ ಪಕ್ಕದ್ದಕ್ಕೂ. ಎದುರು ಸಾಲಿಗೂ. ಒಂದು ಮನೆಯವರ ಹತ್ತಿರ ಕೀಲಿ ಇರಲಿಲ್ಲವೇನೋ, ಸೈಕಲ್ಲಿನ ಸರಪಳಿ ಸುತ್ತಿದ್ದರು. ಇನ್ನೊಂದು ಬಾಗಿಲಿಗೆ ಚಿಲಕವೇ ಮುರಿದಿತ್ತು. ತಂತಿ ಬಿಗಿದು ಅದಕ್ಕೊಂದು ಪುಟ್ಟ ಪೆಟ್ಟಿಗೆಯ ಕೀಲಿ ತೂಗುಬಿಟ್ಟಿದ್ದರು. ದೇವರ ದೀಪಗಳು ಹೊರಗೆ ಕಟ್ಟೆಗಳ ಮೇಲೆ ಬಂದು ಕುಳಿತಿದ್ದವು, ಗಾಳಿ ತಾಗದಂತೆ ಯಾರೋ ಇಟ್ಟಿಗೆ ಮರೆ ಮಾಡಿದ್ದರು. ಎಲ್ಲರೂ ತಮ್ಮ ತಮ್ಮ ಕೀಲಿ ಹಾಕಿದ ಬಾಗಿಲಿನ ಮುಂದೆ ಕುಳಿತು ದಿನದ ಮಾತಾಡುತ್ತಿದ್ದರು.

ಅಕ್ಕನ ಎದುರು ಮನೆ ಯಾವುದೆಂದು ನನಗೆ ಗೊತ್ತಿತ್ತು. ಆದರೂ ಆ ಸಾಲಿನಲ್ಲಿ ಅದು ಬೇರೆಯಾಗಿ ಕಾಣಲಿಲ್ಲ.

ಅಕ್ಕ ಪಕ್ಕದಲ್ಲಿ ಜಾಗ ಮಾಡಿದಳು. "ಇದನ್ನ ಯಾರು ಹೇಳಿದ್ರು?" ಎಂದು ಮೆಲ್ಲಗೆ ಕೇಳಿದೆ.

"ಯಾರೂ ಹೇಳಿಲ್ಲ. ಅಜ್ಜಿ ಮೊದಲ ಹಾಕಿದ್ಲು. ಆಕಿ ಹಾಕಿದ್ದ ನೋಡಿ ನಾ ಹಾಕಿದೆ."

ಆ ಹೊತ್ತಿಗೆ ಕೀಲಿ ಹಾಕಿದ ಯಾವುದೋ ಮನೆಯೊಳಗಿಂದ ಕುಕ್ಕರ್ ಕೂಗಿತು. ಅಜ್ಜಿ ಸೊಪ್ಪಿನಿಂದ ತಲೆ ಎತ್ತದೆ ಹೇಳಿದರು, "ಲಕ್ಷ್ಮೀ ಹಿತ್ತಲಾಗಿಂದ ಬಂದು ಅಡಗಿ ಮಾಡಾಕತ್ತಾಳ."

ನಗು ಇನ್ನೂ ಇಳಿದಿರಲಿಲ್ಲ, ತಂಡ ಬಂತು. ಮುಂದೆ ನನ್ನ ವಿದ್ಯಾರ್ಥಿನಿ, ಹಿಂದೆ ಹಿಂದಿ ಮಾತಾಡುವ ಕ್ಯಾಮೆರಾದವನು. ಅವನು ಕ್ಯಾಮೆರಾ ಹೆಗಲಿಗೇರಿಸಿ, ಆ ಕಡೆ ಈ ಕಡೆ ನೋಡಿ, "ಕೌನ್ಸಾ ಘರ್?", ಯಾವ ಮನೆ, ಎಂದು ಕೇಳಿದ. ಅವಳು ಅಜ್ಜಿಯ ಮುಂದೆ ಬಂದು ನಿಂತಳು.

"ಏನ್ರಿ ಅಜ್ಜಿ, ಎಲ್ಲಾರೂ ಕೀಲಿ ಹಾಕಿ ಹೊರಗ ಕುಂತೀರಲ್ರಿ?"

"ಒಳಗ ಭಾಳ ಸೆಕಿ ಐತಿ ಯವ್ವಾ."

"ಸೆಕಿ ಇದ್ರ ಕೀಲಿ ಯಾಕ್ರಿ?"

"ಟೀವಿಯವ್ರು ಬರ್ತಾರಂದ್ರು. ಸಾಮಾನು ಜ್ವಾಕಿ ಇರಬೇಕಲ್ಲ."

ಕಟ್ಟೆಗಳ ಮೇಲೆ ಮತ್ತೆ ನಗು. ಅವಳು ನಗಲಿಲ್ಲ. ಕಟ್ಟೆಯ ದೀಪಗಳನ್ನು ಒಂದೊಂದಾಗಿ ನೋಡಿದಳು, ಆಮೇಲೆ ಕೀಲಿಗಳನ್ನು ನೋಡಿದಳು. ಮುಗದದ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಫೋನ್ ಬಡಿಯಿತು. "ಸಬ್ ಬಂದ್ ಹೈ ಸರ್," ಎಂದಳು. ಒಂದಲ್ಲ, ಎಲ್ಲ ಬಾಗಿಲಿಗೂ ಕೀಲಿ ಎಂಬುದು ಆ ಕಡೆಯವರಿಗೆ ಅರ್ಥವಾಗಲಿಲ್ಲವೇನೋ. "ಏಕ್ ನಹೀ ಸರ್. ಸಬ್." ಮತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಬೆಳಕು ಹೋಗಿದೆ, ಇಲ್ಲಿ ತೆಗೆಯುವಂಥದ್ದು ಏನೂ ಇಲ್ಲ ಎಂದು ಹಿಂದಿಯಲ್ಲೇ ಹೇಳಿ ಫೋನ್ ಇಟ್ಟಳು. ಕ್ಯಾಮೆರಾದವನಿಗೆ ಕೈ ಸನ್ನೆ ಮಾಡಿದಳು. ಅವನು ಲೆನ್ಸಿಗೆ ಮುಚ್ಚಳ ಹಾಕಿದ.

ನನ್ನ ಕೈಯಲ್ಲಿದ್ದ ಪ್ರಿಂಟು ಮಡಿಕೆ ಬಿಚ್ಚದೆ ಹಾಗೆಯೇ ಇತ್ತು.

ಸ್ವಲ್ಪ ದೂರದ ಕಟ್ಟೆಯ ಮೇಲೆ ಬೀದಿದೀಪದ ಕೆಳಗೆ ಕೆಲವು ಹುಡುಗಿಯರು ಪುಸ್ತಕ ಹಿಡಿದು ಕುಳಿತಿದ್ದರು. ಅವರಲ್ಲೊಬ್ಬಳು ಎದ್ದು ಬಂದು ತಂಡದವರಿಗೆ ತಂಬಿಗೆಯಲ್ಲಿ ನೀರು ಕೊಟ್ಟಳು. ವಿದ್ಯಾರ್ಥಿನಿ ನೀರು ಕುಡಿದು, "ಮೇಡಂ, ಈ ಹೊತ್ತಿನ್ಯಾಗ ನಮ್ಮವ್ವಾಗ ಬಾಗಿಲಾ ಹಾಕು ಅಂದ್ರ ನನ್ನ ಹೊರಗ ಹಾಕ್ತಿದ್ಲರಿ," ಎಂದಳು. ಅಜ್ಜಿಗೆ ಕೈಮುಗಿದು ಹೋದಳು. ಇನ್ನೊಬ್ಬ ಹುಡುಗಿ ನನ್ನ ಹತ್ತಿರ ಬಂದು, "ಅಕ್ಕಾರ, ನೀವು ಕಾಲೇಜಿನ್ಯಾಗ ಕಲಸ್ತೀರಂತಲ್ರಿ, ಪ್ರಬಂಧ ಹೆಂಗ ಚಾಲೂ ಮಾಡಬೇಕ್ರಿ?" ಎಂದು ಕೇಳಿದಳು. ಕಣ್ಣಿಗೆ ಕಂಡದ್ದರಿಂದ ಶುರು ಮಾಡು ಎಂದೆ.

ತಂಡದ ಗಾಡಿಯ ಸದ್ದು ಅಡಗಿದ ಮೇಲೆ ಅಕ್ಕ ಹೇಳಿದಳು, "ಆಕೀನೂ ಇಲ್ಲೇ ಇದ್ಲು."

"ಎಲ್ಲಿ?"

"ಹೊರಗ, ಎಲ್ಲಾರ ಜೋಡಿ. ಎಷ್ಟೋ ದಿನಾ ಆತು ಹೊರಗ ಬರದ. ಊರೆಲ್ಲಾ ಹೊರಗ ಕುಂತಾಗ ಒಳಗ ಯಾಕ ಕೂಡ್ರಲಿ ಅಂದ್ಲಂತ."

ನೀರು ಕೊಟ್ಟವಳೇ? ಪ್ರಬಂಧದ ಮಾತು ಕೇಳಿದವಳೇ? ಪುಸ್ತಕದಿಂದ ತಲೆಯನ್ನೇ ಎತ್ತದೆ ಕುಳಿತವಳೇ? ಕ್ಯಾಮೆರಾ ಅವರ ಮುಂದೆಯೇ ಹಾದುಹೋಗಿತ್ತು. ನಾನೂ ಹಾದುಹೋಗಿದ್ದೆ.

ಮೌನದ ಸುರುಳಿ ಎಂಬ ಸಿದ್ಧಾಂತವನ್ನು ವರ್ಷಗಳಿಂದ ಕಲಿಸುತ್ತಿದ್ದೇನೆ. ತಾನು ಒಂಟಿಯಾದೇನೆಂಬ ಭಯದಿಂದ ಜನ ಬಾಯಿ ಮುಚ್ಚುತ್ತಾರೆ, ಮೌನ ಒಬ್ಬರಿಂದೊಬ್ಬರಿಗೆ ಹರಡುತ್ತ ಹೋಗುತ್ತದೆ ಎಂದು ಅದು ಹೇಳುತ್ತದೆ. ಅಂದು ಕಂಡ ಮೌನವೂ ಒಬ್ಬರಿಂದೊಬ್ಬರಿಗೆ ಹರಡಿದ್ದೇ, ಬಾಗಿಲಿನಿಂದ ಬಾಗಿಲಿಗೆ. ಅದರಲ್ಲಿ ಭಯ ಎಲ್ಲಿತ್ತೆಂದು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಕ್ಕೆ ನನ್ನ ಪುಸ್ತಕಗಳಲ್ಲಿ ಹೆಸರಿಲ್ಲ.

ಅಜ್ಜಿ ಎದ್ದು ಮೊದಲು ತಮ್ಮ ಕೀಲಿ ತೆಗೆದರು. ಬೇರೆಯವರೂ ಏಳತೊಡಗಿದರು. ಈಗ ಪ್ರತಿಯೊಬ್ಬರೂ ತಮ್ಮ ತಮ್ಮ ಬಾಗಿಲಿಗೆ ಹೋಗುತ್ತಾರೆ, ಎದುರು ಮನೆಗೆ ಯಾವ ಹುಡುಗಿ ಹೋಗುತ್ತಾಳೆಂದು ಕುಳಿತಲ್ಲೇ ಕಾಣುತ್ತದೆ. ಹೊಳೆದ ಕೂಡಲೇ ನಾನು ಕಟ್ಟೆಯ ಮೇಲೆ ತಿರುಗಿ, ಆ ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. ಹಿಂದೆ ಕೀಲಿಗಳು ಒಂದೊಂದೇ ಬಿಚ್ಚಿಕೊಳ್ಳುವ ಸದ್ದು, ಚಿಲಕಗಳ ಸದ್ದು, ಚಪ್ಪಲಿಗಳ ಸದ್ದು. ಎಲ್ಲ ನಿಲ್ಲುವವರೆಗೆ ಅಕ್ಕನ ಗೋಡೆಯ ಸುಣ್ಣ ನೋಡುತ್ತಿದ್ದೆ. ಅಕ್ಕ ನನ್ನ ಮಂಡಿಯ ಮೇಲೆ ಕೈ ಇಟ್ಟಳು.

ಸೋಮವಾರ ಮಧ್ಯಾಹ್ನ ತರಗತಿಯಿಂದ ಹೊರಬಂದಾಗ ಅಕ್ಕನ ಫೋನ್ ಬಂತು.

"ಹುಡುಗ್ಯಾರು ಪರೀಕ್ಷಾ ಬರದು ಬಂದ್ರು," ಎಂದಳು.

"ಎಲ್ಲಾರೂ?"

"ಎಲ್ಲಾರೂ."

ಎದುರು ಮನೆಯ ಬಾಗಿಲಿನ ಬಗ್ಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಅಕ್ಕನಿಗೆ ನನ್ನ ಬುದ್ಧಿ ಗೊತ್ತು.

"ಓಣ್ಯಾಗ ಎಲ್ಲಾ ಬಾಗಿಲಾ ತಗದಾವು," ಎಂದು ಹೇಳಿ ಫೋನ್ ಇಟ್ಟಳು.