ನಮ್ಮೂರ ನೀರಿನ ಹಲ್ಲು

ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ನಕ್ಕಿರುವ ಒಂದು ಫೋಟೋವೂ ಇಲ್ಲ. ನೋಡಿದವರು, ಪಾಪ, ಹುಡುಗಿಗೆ ಮನಸ್ಸಿಲ್ಲದ ಮದುವೆಯಿರಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಒಳಗೊಳಗೆ ಕುಣಿಯುವಷ್ಟು ಖುಷಿಯಿತ್ತು. ಬಾಯಿ ಬಿಡಲು ಧೈರ್ಯವಿರಲಿಲ್ಲ, ಅಷ್ಟೇ.

ನನ್ನ ತವರು ಗದಗಿನ ಕಡೆಯ ಒಂದು ಹಳ್ಳಿ. ಅಲ್ಲಿನ ಬೋರಿನ ನೀರಿನಲ್ಲಿ ಫ್ಲೋರೈಡು ಜಾಸ್ತಿ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಮದುವೆಯ ಮಾತು ಬರುವವರೆಗೆ ಇದೊಂದು ಕೊರತೆಯೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲರ ಹಲ್ಲೂ ಹಾಗೇ ಇದ್ದವು, ಎಲ್ಲರೂ ಹೋ ಎಂದು ನಗುತ್ತಿದ್ದರು. ನನ್ನನ್ನು ನೋಡಲು ಬಂದ ಧಾರವಾಡದ ಬೀಗರ ಪೈಕಿ ಒಬ್ಬ ಹೆಂಗಸು, "ಹುಡಿಗಿ ಭಾಳ ಚಲೋ ಅದಾಳ್ರಿ, ಹಲ್ಲೊಂದು..." ಎಂದು ಮಾತು ನುಂಗಿದರು. ಅವತ್ತು ನನ್ನ ಬಾಯಿಯ ಮೇಲೆ ಹೋದ ಕೈ ಮುಂದೆ ಎಷ್ಟೋ ವರ್ಷ ಇಳಿಯಲೇ ಇಲ್ಲ.

ತೊಂಬತ್ತರ ದಶಕದಲ್ಲಿ ಗಂಡನ ನೌಕರಿಯ ಬೆನ್ನು ಹತ್ತಿ ಪುಣೆಗೆ ಬಂದೆ. ಬಂದ ಹೊಸತರಲ್ಲೇ ನಾನು ಅತ್ತಿಗೆಯೆಂಬಂತೆ ವಹಿನಿ ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ದನಿ ತಗ್ಗಿಸಿ, "ತುಮ್ಹಿ ಮಿಶ್ರಿ ಲಾವತಾ ಕಾ?" ಎಂದರು, ನೀವು ಮಿಶ್ರಿ ಹಚ್ಚುತ್ತೀರೇನು ಎಂದು. ಮಿಶ್ರಿಯೆಂದರೆ ಹುರಿದ ತಂಬಾಕಿನ ಪುಡಿ, ಅದರಲ್ಲಿ ಹಲ್ಲು ತಿಕ್ಕುವ ಚಟ ಈ ಕಡೆ ಎಷ್ಟೋ ಹೆಂಗಸರಿಗೆ ಇತ್ತು. ನಾನು ಗಾಬರಿಯಾಗಿ "ನಾಹೀ ನಾಹೀ" ಎಂದೆ. ಅವರು ನಂಬಲಿಲ್ಲ. ಮರುದಿನ ತಮ್ಮ ಅತ್ತೆಯ ಕಣ್ಣು ತಪ್ಪಿಸಿ ಮಿಶ್ರಿಯ ಡಬ್ಬಿಯನ್ನೇ ತಂದು, ಒಂದು ಚಿಟಿಕೆ ತೊಗೋ ಎಂದು ನನ್ನ ಮುಂದೆ ಹಿಡಿದರು!

ಆಮೇಲೆ ನಮ್ಮ ಅಡುಗೆಮನೆಯೇ ದವಾಖಾನೆಯಾಯಿತು. ಉಪ್ಪು, ಲಿಂಬೆಹಣ್ಣು, ಅಡುಗೆ ಸೋಡಾ, ಇದ್ದಿಲ ಪುಡಿ, ಒಂದನ್ನೂ ಬಿಡಲಿಲ್ಲ. ಲಿಂಬೆಹಣ್ಣು ತಿಕ್ಕಿದ ಮೇಲೆ ಚಹಾ ಕುಡಿದರೆ ಹಲ್ಲು ಜುಂ ಎನ್ನುತ್ತಿತ್ತು. ಇದ್ದಿಲು ತಿಕ್ಕಿದ ದಿನ ಪಟ್ಟೆಯೇನೋ ಕಾಣಲಿಲ್ಲ, ಹಲ್ಲೇ ಕಾಣಲಿಲ್ಲ. ಯಾವುದೋ ಮಾಸಿಕದಲ್ಲಿ ಸ್ಟ್ರಾಬೆರಿ ತಿಕ್ಕಿದರೆ ಹಲ್ಲು ಬೆಳ್ಳಗಾಗುತ್ತವೆ ಎಂದು ಓದಿ, ಚಳಿಗಾಲದಲ್ಲಿ ಮಹಾಬಳೇಶ್ವರದಿಂದ ಬರುವ ಹಣ್ಣು ತಂದಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿ ಖಾಲಿ. "ನನ್ನ ಹಲ್ಲು ಇನ್ನೂ ಬೆಳ್ಳಗಾಗ್ಯಾವ ನೋಡು," ಎಂದರು ನಮ್ಮವರು.

ನಮ್ಮ ಹಳೆಯ ಕವಿಗಳು ಸುಂದರಿಯರ ಹಲ್ಲನ್ನು ದಾಳಿಂಬೆ ಬೀಜಕ್ಕೆ ಹೋಲಿಸಿದ್ದಾರೆ. ದಾಳಿಂಬೆ ಕೆಂಪಗಿರುತ್ತದಲ್ಲ, ಅದನ್ನು ಯಾರೂ ಕೇಳಲಿಲ್ಲ. ಹಿಂದೆ ಎಷ್ಟೋ ಕಡೆ ಹೆಂಗಸರು ಚಂದಕ್ಕೆಂದೇ ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದರಂತೆ. ಆ ಕಾಲದಲ್ಲಿ ಹುಟ್ಟಿದ್ದರೆ ನನ್ನನ್ನೂ ನಾಲ್ಕು ಜನ ಹೊಗಳುತ್ತಿದ್ದರೋ ಏನೋ. ಈಗಿನವರಿಗೆ ಮಾತ್ರ ಹಲ್ಲೆಂದರೆ ಟೀವಿ ಜಾಹೀರಾತಿನ ಹಲ್ಲು. ಅದಕ್ಕೆ ಊರಿಲ್ಲ, ನೀರಿಲ್ಲ.

ಹೊಸ ಶತಮಾನ ಬಂತು, ಮೈದುನನ ಮದುವೆ ಗೊತ್ತಾಯಿತು. ಈ ಸಲ ನಕ್ಕೇ ಫೋಟೋ ತೆಗೆಸಿಕೊಳ್ಳಬೇಕೆಂದು ಹಟ ತೊಟ್ಟು ಪುಣೆಯದೇ ಕೋಥರೂಡ್ ಬಡಾವಣೆಯ ಹಲ್ಲಿನ ಡಾಕ್ಟರ ಬಳಿ ಹೋದೆ. ಶಾಲೆಗೆ ರಜೆಯಿದ್ದುದರಿಂದ ಮಗಳೂ ಜೊತೆಗಿದ್ದಳು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇದು ಮೇಲೆ ಹತ್ತಿದ ಕಲೆಯಲ್ಲ, ಹಲ್ಲು ಬೆಳೆಯುವಾಗಲೇ ಒಳಗೆ ಕೂತದ್ದು. ಮನೆಯಲ್ಲಿ ಏನು ತಿಕ್ಕಿದರೂ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಇಲ್ಲಿ ಔಷಧ ಹಚ್ಚಿದರೆ ಸ್ವಲ್ಪ ತಿಳಿಯಾದೀತು, ಪೂರ್ತಿ ಹೋಗುತ್ತದೆಂದು ಹೇಳಲಾಗದು. ಪೂರ್ತಿ ಮುಚ್ಚಬೇಕೆಂದರೆ ಹಲ್ಲನ್ನು ಕೊಂಚ ತೇಯ್ದು ಮೇಲೊಂದು ತೆಳು ಪದರು ಅಂಟಿಸಬೇಕು. ಅವಸರ ಬೇಡ, ಯೋಚಿಸಿ ಬನ್ನಿ ಎಂದರು. ಅಷ್ಟು ವರ್ಷದ ಆಸೆ ಒಂದು ಗಳಿಗೆಯಲ್ಲಿ ಇಳಿದುಹೋಯಿತು. ಕುರ್ಚಿಯಿಂದ ಏಳಲೂ ಮನಸ್ಸಾಗಲಿಲ್ಲ.

ನನ್ನ ಮುಖ ನೋಡಿ ಡಾಕ್ಟರಮ್ಮ ಮಾತು ಬದಲಿಸಲು ಮಗಳಿಗೆ ಏನೋ ತಮಾಷೆ ಹೇಳಿದರು. ಅವಳು ಕಿಸಕ್ಕನೆ ನಕ್ಕಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಡಾಕ್ಟರಮ್ಮ ಕೈ ಸರಿಸಿ ನೋಡಿದರು. ಪುಣೆಯ ನಲ್ಲಿ ನೀರು ಕುಡಿದು ಬೆಳೆದ ಹಲ್ಲು, ಒಂದು ಚುಕ್ಕೆಯಿಲ್ಲ. ಇಷ್ಟು ಚಂದದ ಹಲ್ಲನ್ನು ಯಾಕೆ ಮುಚ್ಚಿಕೊಳ್ಳುತ್ತೀ ಎಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ, "ನಗೋದಂದ್ರ ಹಿಂಗ ಅಲ್ಲೇನವ್ವಾ? ನೀ ಹಿಂಗ ನಗತೀಯಲ್ಲ?" ಎಂದಳು.

ಊರ ನೀರು ನನ್ನಲ್ಲಿಗೇ ನಿಂತಿತ್ತು, ಆದರೆ ಅದರ ಕಲೆಯನ್ನು ನಾನೇ ಮಗಳಿಗೆ ದಾಟಿಸಿದ್ದೆ.

ಆಟೋದಲ್ಲಿ ಮನೆಗೆ ಬರುವಾಗ ಅವಳು ಡಾಕ್ಟರಮ್ಮನ ತಮಾಷೆಯನ್ನು ಮತ್ತೆ ಹೇಳಿದಳು. ನನಗೂ ನಗು ಬಂತು, ರೂಢಿಯಂತೆ ಕೈ ಮೇಲೆದ್ದಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎದ್ದ ಕೈಯಿಂದ ಆಟೋದ ಸರಳು ಹಿಡಿದು, ನಮ್ಮೂರಲ್ಲಿ ನಗುತ್ತಿದ್ದ ಹಾಗೆ ಹೋ ಎಂದು ನಕ್ಕೆ. ಆಟೋದವನು ಕನ್ನಡಿಯಲ್ಲಿ ನೋಡಿದ. ನೋಡಲಿ ಬಿಡಿ.

ತೆಳು ಪದರಿನ ವಿಷಯ ಇನ್ನೂ ಯೋಚಿಸುತ್ತಲೇ ಇದ್ದೇನೆ. ಮೈದುನನ ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ ಪಂಕ್ತಿಯಲ್ಲಿ ಊಟಕ್ಕೆ ಕೂತು ನಾನು ನಗುತ್ತಿರುವ ಫೋಟೋ ಒಂದಿದೆ. ಪಟ್ಟೆಗಳೆಲ್ಲ ಸ್ಪಷ್ಟವಾಗಿ ಬಂದಿವೆ. ಪಕ್ಕದಲ್ಲಿ ಮಗಳು ನನಗಿಂತ ದೊಡ್ಡದಾಗಿ ಬಾಯಿ ತೆರೆದು ನಗುತ್ತಿದ್ದಾಳೆ. ಅವಳ ಎರಡೂ ಕೈ ಜಿಲೇಬಿಯ ಮೇಲಿವೆ.